ಅಮೆರಿಕದ ಕಲೆಯ ಗಂಟು ಯಾರ ಕೈಯಲ್ಲಿದೆ?

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರು ಕಲೆ, ಸಾಹಿತ್ಯ, ಸಾರ್ವಜನಿಕ ರೇಡಿಯೊಗಳ ಹಣಕ್ಕೆ ಕತ್ತರಿ ಹಾಕಿದರು ಎಂಬ ಸುದ್ದಿ ನಮ್ಮ ಪತ್ರಿಕೆಗಳ ವಿದೇಶ ಪುಟಗಳಲ್ಲಿ ಆಗಾಗ ಬರುತ್ತಿದೆ. ಸುದ್ದಿ ಸುಳ್ಳಲ್ಲ. ಆದರೆ ಅಧ್ಯಕ್ಷರು ಬಜೆಟ್‌ನಲ್ಲಿ ಕೇಳಿದ್ದು, ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮಂಜೂರು ಮಾಡಿದ್ದು, ಮಂಜೂರಾದ ಹಣವನ್ನು ನಡುವೆಯೇ ನಿಲ್ಲಿಸಿದ್ದು, ಟ್ರಸ್ಟಿಗಳನ್ನು ಕಿತ್ತುಹಾಕಿ ಸಂಸ್ಥೆಯನ್ನೇ ವಶಕ್ಕೆ ತೆಗೆದುಕೊಂಡದ್ದು ಎಲ್ಲವೂ ಒಂದೇ ತಲೆಬರಹದಡಿ ಕಲಸಿಹೋಗುತ್ತಿವೆ. ಇವುಗಳಲ್ಲಿ ಮೊದಲನೆಯದು ಸದ್ದು ಹೆಚ್ಚು ಮಾಡುತ್ತದೆ, ಕೆಡುಕು ಕಡಿಮೆ ಮಾಡುತ್ತದೆ. ಉಳಿದವು ಸದ್ದಿಲ್ಲದೆ ಕೆಲಸ ಮುಗಿಸುತ್ತವೆ. ಹಾಗಾಗಿ ಈ ದೀರ್ಘ ಪತ್ರ.

ಮೊದಲು ಎನ್‌ಇಎ ಎಂದೇ ಎಲ್ಲರೂ ಕರೆಯುವ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ವಿಷಯ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಸೆಪ್ಟೆಂಬರ್ 29ರಂದು ಸಹಿ ಹಾಕಿದ ಕಾಯ್ದೆಯಿಂದ ಇದೂ, ಮಾನವಿಕ ವಿಷಯಗಳಿಗೆ ಹಣ ಕೊಡುವ ಎನ್‌ಇಎಚ್ ಕೂಡ ಹುಟ್ಟಿದವು. 2024ರ ಹಣಕಾಸು ವರ್ಷದಲ್ಲಿ ಎನ್‌ಇಎಗೆ ಸಿಕ್ಕಿದ್ದು 20.7 ಕೋಟಿ ಡಾಲರ್. ಅದೇ ವರ್ಷ ಒಕ್ಕೂಟ ಸರ್ಕಾರದ ಒಟ್ಟು ಖರ್ಚು ಸುಮಾರು 6.75 ಲಕ್ಷ ಕೋಟಿ ಡಾಲರ್. ಅಂದರೆ ಸರ್ಕಾರ ಖರ್ಚು ಮಾಡುವ ಪ್ರತಿ ನೂರು ಡಾಲರ್‌ನಲ್ಲಿ ಇದರ ಪಾಲು ಒಂದು ಸೆಂಟ್‌ನ ಮೂರನೇ ಒಂದು ಭಾಗವೂ ಇಲ್ಲ. ಇದನ್ನು ಮುಚ್ಚಿ ಖಜಾನೆ ಉಳಿಸುತ್ತೇವೆ ಎನ್ನುವ ವಾದ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಜಗಳ ದುಡ್ಡಿನದಲ್ಲ.

ಟ್ರಂಪ್ ತಮ್ಮ ಮೊದಲ ಅವಧಿಯ ಬಜೆಟ್‌ಗಳಲ್ಲಿ ವರ್ಷ ವರ್ಷವೂ ಎನ್‌ಇಎಯನ್ನು ಮುಚ್ಚಲು ಕೇಳಿದರು. ಆದದ್ದೇನು? 2017ರಲ್ಲಿ 14.98 ಕೋಟಿ ಡಾಲರ್ ಇದ್ದದ್ದು 2018ಕ್ಕೆ 15.28 ಕೋಟಿ, 2020ಕ್ಕೆ 16.22 ಕೋಟಿ, 2021ಕ್ಕೆ 16.75 ಕೋಟಿ ಆಯಿತು. ಇದಲ್ಲದೆ ಕೋವಿಡ್ ಪರಿಹಾರದ ಕಾಯ್ದೆಯಡಿ 2020ರಲ್ಲಿ ಇನ್ನೊಂದು 7.5 ಕೋಟಿ ಬಂತು. ಅಧ್ಯಕ್ಷರ ಬಜೆಟ್ ಬರಿಯ ಕೋರಿಕೆ ಪತ್ರ. ದುಡ್ಡು ಕೊಡುವುದು ಕಾಂಗ್ರೆಸ್ಸಿನ ವಿನಿಯೋಗ ಸಮಿತಿಗಳು. ಎನ್‌ಇಎ ಹಣ ಬರುವುದು ರಾಷ್ಟ್ರೀಯ ಉದ್ಯಾನಗಳು, ಕಾಡುಗಳು ಸೇರಿರುವ ಒಳನಾಡು ಮತ್ತು ಪರಿಸರ ಮಸೂದೆಯಲ್ಲಿ. ಪಶ್ಚಿಮದ ರಾಜ್ಯಗಳ ರಿಪಬ್ಲಿಕನ್ ಸದಸ್ಯರಿಗೂ ಆ ಮಸೂದೆ ಬೇಕೇ ಬೇಕು. ಮೇಲಾಗಿ ಎನ್‌ಇಎಯ ಅನುದಾನದ ಹಣದಲ್ಲಿ ಶೇ 40ರಷ್ಟು ನೇರವಾಗಿ ರಾಜ್ಯಗಳ ಮತ್ತು ಪ್ರಾಂತ್ಯಗಳ 56 ಕಲಾ ಮಂಡಳಿಗಳಿಗೂ 6 ಪ್ರಾದೇಶಿಕ ಸಂಸ್ಥೆಗಳಿಗೂ ಹಂಚಿಹೋಗುತ್ತದೆ. ತನ್ನ ಕ್ಷೇತ್ರಕ್ಕೆ ಬರುವ ಹಣವನ್ನು ಯಾವ ಸದಸ್ಯನೂ ಸುಲಭಕ್ಕೆ ಬಿಡುವುದಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 1989ರಲ್ಲಿ ಆಂಡ್ರೆಸ್ ಸೆರಾನೊ, ರಾಬರ್ಟ್ ಮೇಪಲ್‌ಥೋರ್ಪ್ ಅವರ ಛಾಯಾಚಿತ್ರಗಳು ಅಸಭ್ಯ, ಅವಕ್ಕೆ ಎನ್‌ಇಎ ಹಣ ಹೋಗಿದೆ ಎಂದು ಸೆನೆಟರ್ ಜೆಸ್ಸಿ ಹೆಲ್ಮ್ಸ್ ಹರಿಹಾಯ್ದರು. ವಾಷಿಂಗ್ಟನ್ನಿನ ಕಾರ್ಕೊರನ್ ಗ್ಯಾಲರಿ ಹೆದರಿ ಮೇಪಲ್‌ಥೋರ್ಪ್ ಪ್ರದರ್ಶನವನ್ನೇ ಕೈಬಿಟ್ಟಿತು. ಅದೇ ಪ್ರದರ್ಶನ ನಡೆಸಿದ ಸಿನ್ಸಿನಾಟಿಯ ಕಲಾ ಕೇಂದ್ರದ ನಿರ್ದೇಶಕ ಡೆನಿಸ್ ಬ್ಯಾರಿ ಅಶ್ಲೀಲತೆಯ ಆರೋಪ ಹೊತ್ತು ಕಟಕಟೆ ಹತ್ತಿ, 1990ರಲ್ಲಿ ನಿರ್ದೋಷಿಯಾಗಿ ಹೊರಬಂದರು. ಅದೇ ವರ್ಷ ಕಾಂಗ್ರೆಸ್, ಅನುದಾನ ಕೊಡುವಾಗ ಸಭ್ಯತೆಯ ಸಾಮಾನ್ಯ ಮಾನದಂಡಗಳನ್ನು ಗಮನಿಸಬೇಕು ಎಂಬ ಸಾಲನ್ನು ಕಾಯ್ದೆಗೆ ಸೇರಿಸಿತು. 1998ರಲ್ಲಿ ಸುಪ್ರೀಂ ಕೋರ್ಟ್ ಫಿನ್ಲಿ ಪ್ರಕರಣದಲ್ಲಿ 8–1 ಬಹುಮತದಿಂದ ಆ ಸಾಲನ್ನು ಎತ್ತಿಹಿಡಿಯಿತು. ಆದರೆ ಅದು ಸಲಹೆಯ ಮಟ್ಟದ ಮಾತು, ಒಂದು ದೃಷ್ಟಿಕೋನವನ್ನು ತುಳಿಯಲು ಬಳಸಿದರೆ ಬೇರೆ ಪ್ರಶ್ನೆ ಏಳುತ್ತದೆ ಎಂದೂ ಹೇಳಿತು. ಈ ಎರಡನೆಯ ಅರ್ಧವನ್ನು ಹಲವರು ಮರೆಯುತ್ತಾರೆ. 2025ರಲ್ಲಿ ಅದೇ ಕೆಲಸಕ್ಕೆ ಬಂತು. ಇಷ್ಟೆಲ್ಲ ಗದ್ದಲದ ಕೊನೆಯಲ್ಲಿ ಹಣ ನಿಜವಾಗಿ ಬಿದ್ದದ್ದು ನ್ಯೂಟ್ ಗಿಂಗ್ರಿಚ್ ಸ್ಪೀಕರ್ ಆಗಿದ್ದಾಗ: 1995ರ ಸುಮಾರು 16.2 ಕೋಟಿ ಡಾಲರ್ 1996ಕ್ಕೆ 10 ಕೋಟಿಗಿಂತ ಕೆಳಗಿಳಿಯಿತು. ಕಲಾವಿದರಿಗೆ ವೈಯಕ್ತಿಕವಾಗಿ ಕೊಡುತ್ತಿದ್ದ ಅನುದಾನಗಳೂ ಆಗಲೇ ನಿಂತವು. ಬರಹಗಾರರ ಫೆಲೊಶಿಪ್ ಮತ್ತು ಜಾಝ್, ಜಾನಪದ ಕಲಾವಿದರ ಗೌರವಧನ ಮಾತ್ರ ಉಳಿದವು. ಕತ್ತರಿ ಕಾಂಗ್ರೆಸ್ಸಿನ ಕೈಯಲ್ಲಿದ್ದಾಗ ಬಟ್ಟೆ ಹರಿಯಿತು.

ಹಾಗಾದರೆ 2025ರಲ್ಲಿ ಏನು ಬದಲಾಯಿತು? ಇದು ತಿಳಿಯಬೇಕಾದರೆ ಒಂದು ಸಣ್ಣ ನಾಟಕ ತಂಡಕ್ಕೆ ಎನ್‌ಇಎ ಹಣ ಹೇಗೆ ಬರುತ್ತದೆ ಎಂಬುದನ್ನು ನೋಡಬೇಕು.

ತಂಡ ಮೊದಲು ತೆರಿಗೆ ಕಾಯ್ದೆಯ 501(ಸಿ)(3) ಕಲಮಿನಡಿ ಲಾಭರಹಿತ ಸಂಸ್ಥೆ ಆಗಿರಬೇಕು; ಕೆಲವು ವರ್ಷ ಸತತವಾಗಿ ಕಾರ್ಯಕ್ರಮ ನಡೆಸಿದ ದಾಖಲೆ ತೋರಿಸಬೇಕು. ಆಮೇಲೆ ಸ್ಯಾಮ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿ. ಅದಕ್ಕೆ ಶುಲ್ಕ ಇಲ್ಲ, ತಾಳ್ಮೆ ಬೇಕು. ತೆರಿಗೆ ಇಲಾಖೆಯಲ್ಲಿರುವ ಹೆಸರಿಗೂ ಇಲ್ಲಿ ತುಂಬಿದ ಹೆಸರಿಗೂ ಒಂದು ಅಲ್ಪವಿರಾಮದ ವ್ಯತ್ಯಾಸವಿದ್ದರೂ ಅರ್ಜಿ ವಾರಗಟ್ಟಲೆ ಕೂರುತ್ತದೆ. ಪ್ರತಿ ವರ್ಷ ನವೀಕರಿಸದಿದ್ದರೆ ನೋಂದಣಿ ತಾನಾಗಿ ಸಾಯುತ್ತದೆ; ಕೊನೇ ದಿನ ಇದನ್ನು ಕಂಡು ಕೈಬಿಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. ಅರ್ಜಿಯೂ ಎರಡು ಕಂತಿನದು: ಸಣ್ಣ ನಮೂನೆ ಗ್ರಾಂಟ್ಸ್ ಡಾಟ್ ಗವ್‌ನಲ್ಲಿ, ಯೋಜನೆಯ ವಿವರ, ಬಜೆಟ್, ಕೆಲಸದ ಮಾದರಿಗಳು ಎನ್‌ಇಎಯ ತಾಣದಲ್ಲಿ. ಎರಡಕ್ಕೂ ಬೇರೆ ಬೇರೆ ಗಡುವು. ಪರಿಣತರು, ಜೊತೆಗೊಬ್ಬ ಸಾಮಾನ್ಯ ನಾಗರಿಕ ಇರುವ ಸಮಿತಿ ಅರ್ಜಿ ಓದುತ್ತದೆ, ರಾಷ್ಟ್ರೀಯ ಕಲಾ ಮಂಡಳಿ ಶಿಫಾರಸು ಮಾಡುತ್ತದೆ, ಕೊನೆಯ ಸಹಿ ಎನ್‌ಇಎಯ ಮುಖ್ಯಸ್ಥರದು.

ಯೋಜನೆಗಳಿಗೆ ಸಾಮಾನ್ಯವಾಗಿ ಸಿಗುವುದು 10,000ದಿಂದ 1,00,000 ಡಾಲರ್. ಅಷ್ಟೇ ಮೊತ್ತವನ್ನು ತಂಡ ಬೇರೆ ಕಡೆಯಿಂದ ತರಬೇಕು. ಒಕ್ಕೂಟ ಸರ್ಕಾರದ ಬೇರೆ ಇಲಾಖೆಯ ಹಣ ಈ ಜೋಡಿಗೆ ನಡೆಯುವುದಿಲ್ಲ. ಸ್ವಯಂಸೇವಕರ ದುಡಿಮೆ, ದಾನವಾಗಿ ಸಿಕ್ಕ ಸಭಾಂಗಣಕ್ಕೆ ಬೆಲೆ ಕಟ್ಟಿ ತೋರಿಸಬಹುದು, ಆದರೆ ಕಾಗದಪತ್ರ ಇರಬೇಕು. 20,000 ಡಾಲರ್ ಸಿಕ್ಕಿತು ಎಂಬ ಪತ್ರ ಬಂದ ದಿನ ಬ್ಯಾಂಕಿಗೆ 20,000 ಬರುವುದಿಲ್ಲ. ಬಹುಪಾಲು ಮೊದಲು ಖರ್ಚು, ಆಮೇಲೆ ಬಿಲ್ಲು. ಮುಂಗಡ ಸಿಕ್ಕರೂ ಅದು ಹತ್ತಿರದ ಖರ್ಚಿಗಷ್ಟೇ. ನಟರ ಸಂಬಳ, ರಂಗಸಜ್ಜಿಕೆಯ ಮರ, ದೀಪಗಳ ಬಾಡಿಗೆ ಎಲ್ಲ ತಂಡದ ಕೈಯಿಂದಲೇ ಹೋಗಿರುತ್ತದೆ.

2025ರ ಮೇ 2ರಂದು ಶ್ವೇತಭವನ ಎನ್‌ಇಎಯನ್ನು ಮುಚ್ಚುವ ಬಜೆಟ್ ಪ್ರಸ್ತಾವ ಹೊರಡಿಸಿತು. ಪತ್ರಿಕೆಗಳು ಅದನ್ನು ಬರೆದವು. ಅದೇ ದಿನ ರಾತ್ರಿ ದೇಶದ ಉದ್ದಗಲದ ತಂಡಗಳಿಗೆ, ಪ್ರಕಾಶಕರಿಗೆ, ಉತ್ಸವಗಳಿಗೆ ಮಂಜೂರಾಗಿದ್ದ ಅನುದಾನ ರದ್ದಾಯಿತೆಂಬ ಇಮೇಲ್ ಹೋಯಿತು. ನನ್ನ ಪ್ರಕಾರ ತಲೆಬರಹಕ್ಕೆ ಅರ್ಹವಾದದ್ದು ಈ ಇಮೇಲ್. ಬಜೆಟ್ ಪ್ರಸ್ತಾವವನ್ನು ಕಾಂಗ್ರೆಸ್ ತಳ್ಳಿಹಾಕಬಹುದು. ಅರ್ಧ ಖರ್ಚಾಗಿ ನಿಂತ ನಾಟಕದ ಹಣವನ್ನು ಯಾರೂ ವಾಪಸ್ ತಂದುಕೊಡುವುದಿಲ್ಲ. ಎನ್‌ಇಎಚ್‌ನಲ್ಲಂತೂ ಒಂದು ತಿಂಗಳು ಮೊದಲೇ ಸಾವಿರಕ್ಕೂ ಹೆಚ್ಚು ಅನುದಾನಗಳು ಹೀಗೆ ರದ್ದಾಗಿದ್ದವು. ರಾಜ್ಯಗಳ ಮಾನವಿಕ ಪರಿಷತ್ತುಗಳು ಉಸಿರು ಹಿಡಿದುಕೊಳ್ಳಲೆಂದು ಖಾಸಗಿ ದತ್ತಿ ಸಂಸ್ಥೆಯಾದ ಮೆಲನ್ ಫೌಂಡೇಶನ್ 1.5 ಕೋಟಿ ಡಾಲರ್ ತುರ್ತು ನೆರವು ಕೊಡಬೇಕಾಯಿತು.

ಕೊಟ್ಟ ಮಾತು ಹೀಗೆ ಮುರಿಯಲು ಕಾನೂನಿನಲ್ಲಿ ದಾರಿ ಎಲ್ಲಿದೆ? ಅನುದಾನಗಳ ಏಕರೂಪ ನಿಯಮಾವಳಿಯ 200.340ನೆಯ ನಿಯಮದಲ್ಲಿ ಒಂದು ವಾಕ್ಯವಿದೆ: ಅನುದಾನವು ಕಾರ್ಯಕ್ರಮದ ಗುರಿಗಳನ್ನೋ ಇಲಾಖೆಯ ಆದ್ಯತೆಗಳನ್ನೋ ಇನ್ನು ಈಡೇರಿಸುತ್ತಿಲ್ಲ ಎಂದಾದರೆ, ಕಾನೂನು ಅವಕಾಶ ಕೊಡುವಷ್ಟರ ಮಟ್ಟಿಗೆ ಮತ್ತು ಅನುದಾನದ ಷರತ್ತುಗಳಂತೆ ಅದನ್ನು ಕೊನೆಗೊಳಿಸಬಹುದು. ಕೆಲಸಕ್ಕೆ ಬಾರದ ಯೋಜನೆಯನ್ನು ನಿಲ್ಲಿಸಲು ಇಟ್ಟ ಬಾಗಿಲು. ಸರ್ಕಾರ ಬದಲಾಗಿ ಆದ್ಯತೆ ಬದಲಾದಾಗ ಹಳೆಯ ಮಂಜೂರಾತಿಯನ್ನು ಹೊರಹಾಕಲೂ ಇದನ್ನೇ ತೆರೆದರು.

ಕೋರ್ಟಿಗೆ ಹೋಗಬಹುದಲ್ಲ ಎನ್ನುವವರು ಇನ್ನೊಂದು ತೊಡಕನ್ನು ಗಮನಿಸಬೇಕು. 2025ರ ಏಪ್ರಿಲ್ 4ರಂದು ಶಿಕ್ಷಣ ಇಲಾಖೆಯ ಅನುದಾನಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಮಧ್ಯಂತರ ಆದೇಶ ಕೊಟ್ಟಿತು: ಸರ್ಕಾರ ಬಾಕಿ ಹಣ ಕೊಡಲಿ ಎಂದು ಕೇಳುವುದಾದರೆ ಅದು ಕರಾರಿನ ಜಗಳ, ಟಕರ್ ಕಾಯ್ದೆಯ ಪ್ರಕಾರ ಅದರ ಜಾಗ ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್ ಇರಬೇಕು ಎಂಬುದು ಅದರ ಸಾರ. ಆಗಸ್ಟ್‌ನಲ್ಲಿ ಆರೋಗ್ಯ ಸಂಶೋಧನೆಯ ಅನುದಾನಗಳ ವಿಷಯದಲ್ಲೂ ಇದೇ ಧಾಟಿ. ಹೀಗಾಗಿ ನೀತಿ ತಪ್ಪು ಎಂದು ಒಂದು ನ್ಯಾಯಾಲಯ, ದುಡ್ಡು ಕೊಡಿ ಎಂದು ಇನ್ನೊಂದು ನ್ಯಾಯಾಲಯ. ವಿಶ್ವವಿದ್ಯಾಲಯಕ್ಕೆ ವಕೀಲರ ಪಡೆ ಇದೆ. 15,000 ಡಾಲರ್ ಕಳೆದುಕೊಂಡ ಕಾವ್ಯ ಪ್ರಕಾಶಕನಿಗೆ ವಕೀಲರ ಶುಲ್ಕವೇ ಅದಕ್ಕಿಂತ ದೊಡ್ಡದು. ಅವನು ಸುಮ್ಮನಾಗುತ್ತಾನೆ. ಈ ಸುಮ್ಮನಾಗುವಿಕೆ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ.

ನೀತಿಯ ಪ್ರಶ್ನೆಯಲ್ಲಿ ಮಾತ್ರ ಕಲಾವಿದರಿಗೆ ಒಂದು ಗೆಲುವು ಸಿಕ್ಕಿತು. ಸರ್ಕಾರ ಹೇಳುವ ‘ಜೆಂಡರ್ ಐಡಿಯಾಲಜಿ’ಯನ್ನು (ಲಿಂಗತ್ವ ಹುಟ್ಟಿನ ಲಿಂಗಕ್ಕಿಂತ ಬೇರೆ ಇರಬಹುದು ಎಂಬ ನಿಲುವನ್ನು) ಪ್ರಚಾರ ಮಾಡುವುದಿಲ್ಲ ಎಂದು ಅರ್ಜಿದಾರರು ಮುಚ್ಚಳಿಕೆ ಬರೆದುಕೊಡಬೇಕು ಎಂದು 2025ರ ಆರಂಭದಲ್ಲಿ ಎನ್‌ಇಎ ಷರತ್ತು ಹಾಕಿತ್ತು. ರೋಡ್ ಐಲೆಂಡ್ ಲ್ಯಾಟಿನೊ ಆರ್ಟ್ಸ್ ಮತ್ತಿತರ ಸಂಸ್ಥೆಗಳು ದಾವೆ ಹೂಡಿದವು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶರು, ಒಂದು ದೃಷ್ಟಿಕೋನವನ್ನು ಮಾತ್ರ ಹೊರಗಿಡುವ ಈ ನೀತಿ ಅಭಿವ್ಯಕ್ತಿ ಸ್ವಾತಂತ್ರ್ಯ ಕಾಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧ ಎಂದರು. ಮೇಲೆ ಹೇಳಿದ ಫಿನ್ಲಿ ತೀರ್ಪಿನ ಎರಡನೆಯ ಅರ್ಧ ಕೆಲಸಕ್ಕೆ ಬಂದದ್ದು ಇಲ್ಲಿ.

ಸಾರ್ವಜನಿಕ ರೇಡಿಯೊ, ಟೀವಿಯ ಕಥೆ ಬೇರೆ. ಅಲ್ಲಿ ಕಾಂಗ್ರೆಸ್ಸೇ ಕೈಜೋಡಿಸಿತು. 1967ರ ಕಾಯ್ದೆಯಿಂದ ಹುಟ್ಟಿದ ಕಾರ್ಪೊರೇಷನ್ ಫಾರ್ ಪಬ್ಲಿಕ್ ಬ್ರಾಡ್‌ಕಾಸ್ಟಿಂಗ್ ತಾನೇ ಕಾರ್ಯಕ್ರಮ ಮಾಡುತ್ತಿರಲಿಲ್ಲ, ಹಣ ಹಂಚುತ್ತಿತ್ತು. ರಾಜಕೀಯದ ಬಿಸಿ ತಟ್ಟದಿರಲೆಂದು ಅದಕ್ಕೆ ಎರಡು ವರ್ಷ ಮುಂಚೆಯೇ ಹಣ ಮಂಜೂರು ಮಾಡುವ ಪದ್ಧತಿ 1970ರ ದಶಕದಿಂದ ಇತ್ತು. ಆ ರಕ್ಷಣೆಯೇ 2025ರಲ್ಲಿ ತಿರುಗುಬಾಣವಾಯಿತು. ಮುಂಚೆಯೇ ಮಂಜೂರಾಗಿ ಕೂತಿದ್ದರಿಂದ 2026 ಮತ್ತು 2027ರ ಹಣ, ವರ್ಷಕ್ಕೆ 53.5 ಕೋಟಿ ಡಾಲರ್‌ನಂತೆ, ಒಂದೇ ಏಟಿಗೆ ಹೋಯಿತು.

ಬಳಸಿದ ಅಸ್ತ್ರ 1974ರ ಇಂಪೌಂಡ್‌ಮೆಂಟ್ ನಿಯಂತ್ರಣ ಕಾಯ್ದೆ. ಮಂಜೂರಾದ ಹಣವನ್ನು ಹಿಂತೆಗೆದುಕೊಳ್ಳಿ ಎಂದು ಅಧ್ಯಕ್ಷರು ಕಾಂಗ್ರೆಸ್ಸಿಗೆ ಬರೆಯಬಹುದು. ಅಧಿವೇಶನದ 45 ದಿನಗಳೊಳಗೆ ಎರಡೂ ಸದನಗಳು ಒಪ್ಪದಿದ್ದರೆ ಹಣ ಬಿಡುಗಡೆ ಮಾಡಲೇಬೇಕು. ಸೆನೆಟ್‌ನಲ್ಲಿ ಬಹುತೇಕ ಮಸೂದೆಗಳಿಗೆ ಚರ್ಚೆ ಮುಗಿಸಲು 60 ಮತ ಬೇಕು, ಇದಕ್ಕೆ ಬೇಡ. ಹತ್ತು ಗಂಟೆ ಚರ್ಚೆ, ಆಮೇಲೆ ಸರಳ ಬಹುಮತ. ಜೂನ್ 3ಕ್ಕೆ ಕೋರಿಕೆ ಬಂತು. ಜುಲೈ 17ರ ನಸುಕಿನಲ್ಲಿ ಸೆನೆಟ್ 51–48ರಲ್ಲಿ ಒಪ್ಪಿತು, ಕೆಳಮನೆ 216–213ರಲ್ಲಿ ಒಪ್ಪಿತು, 24ರಂದು ಸಹಿ ಬಿತ್ತು. ಒಟ್ಟು ಸುಮಾರು 900 ಕೋಟಿ ಡಾಲರ್‌ನ ಕಡಿತದಲ್ಲಿ ಬಹುಪಾಲು ವಿದೇಶಿ ನೆರವಿನದು, 110 ಕೋಟಿಯಷ್ಟು ಈ ಸಂಸ್ಥೆಯದು. ವಿರೋಧಿಸಿದ ಇಬ್ಬರು ರಿಪಬ್ಲಿಕನ್ ಸೆನೆಟರ್‌ಗಳಲ್ಲಿ ಒಬ್ಬರಾದ ಲಿಸಾ ಮರ್ಕೌಸ್ಕಿ ಅವರ ಅಲಾಸ್ಕಾದಲ್ಲಿ ಆ ಚರ್ಚೆಯ ನಡುವೆಯೇ 7.3 ತೀವ್ರತೆಯ ಭೂಕಂಪವಾಗಿ ಸುನಾಮಿ ಎಚ್ಚರಿಕೆ ಹೊರಟಿತ್ತು. ಅಲ್ಲಿನ ದೂರದ ಊರುಗಳಲ್ಲಿ ಇಂಥ ಎಚ್ಚರಿಕೆ ಮುಟ್ಟಿಸುವುದು ಸ್ಥಳೀಯ ಸಾರ್ವಜನಿಕ ರೇಡಿಯೊ.

ರಾಷ್ಟ್ರೀಯ ಸಾರ್ವಜನಿಕ ರೇಡಿಯೊ ಜಾಲವಾದ ಎನ್‌ಪಿಆರ್‌ಗೆ ಪಾಠ ಕಲಿಸಿದೆವು ಎಂದು ಬೆಂಬಲಿಗರು ಹೇಳಿಕೊಂಡರು. ಎನ್‌ಪಿಆರ್‌ನ ವರಮಾನದಲ್ಲಿ ಹಣ ಹಂಚುವ ಈ ಕಾರ್ಪೊರೇಷನ್ನಿಂದ ನೇರವಾಗಿ ಬರುತ್ತಿದ್ದದ್ದು ಶೇ 1ರಷ್ಟು. ಟೀವಿಯ ಪಿಬಿಎಸ್‌ಗೆ ಶೇ 15ರ ಸುಮಾರು. ಹಣದ ಶೇ 70ಕ್ಕೂ ಹೆಚ್ಚು ಹೋಗುತ್ತಿದ್ದದ್ದು 1,500ರಷ್ಟು ಸ್ಥಳೀಯ ಕೇಂದ್ರಗಳಿಗೆ. ಬಾಸ್ಟನ್, ನ್ಯೂಯಾರ್ಕ್‌ಗಳ ದೊಡ್ಡ ಕೇಂದ್ರಗಳು ಕೇಳುಗರ ದೇಣಿಗೆಯಲ್ಲಿ ಬದುಕುತ್ತವೆ. ದೇಣಿಗೆ ಕೊಡುವವರೇ ವಿರಳವಾಗಿರುವ ಹಳ್ಳಿಗಾಡಿನ, ಮೂಲನಿವಾಸಿ ಸೀಮೆಗಳ ಕೇಂದ್ರಗಳಲ್ಲಿ ಕೆಲವಕ್ಕೆ ಅರ್ಧ ಬಜೆಟ್ಟೇ ಇಲ್ಲಿಂದ ಬರುತ್ತಿತ್ತು. ಎಲ್ಲ ಕೇಂದ್ರಗಳ ಪರವಾಗಿ ಸಂಗೀತದ ಪ್ರಸಾರ ಹಕ್ಕುಗಳನ್ನು ಸಗಟಾಗಿ ಮಾತಾಡಿ ಪಡೆಯುತ್ತಿದ್ದದ್ದೂ ಈ ಸಂಸ್ಥೆಯೇ. ಪ್ರತಿ ಸಣ್ಣ ಕೇಂದ್ರವೂ ಹಕ್ಕುದಾರರ ಜೊತೆ ಬಿಡಿಯಾಗಿ ಚೌಕಾಸಿಗೆ ಕೂರಬೇಕಾದರೆ ಅದರ ಖರ್ಚೆಷ್ಟು ಎಂಬುದನ್ನು ಮತ ಹಾಕಿದವರು ಯೋಚಿಸಿದಂತಿಲ್ಲ. ಆಗಸ್ಟ್ 1ರಂದು ಸಂಸ್ಥೆ ಬಾಗಿಲು ಮುಚ್ಚುವುದಾಗಿ ಸಾರಿತು.

ಇನ್ನು ವಾಷಿಂಗ್ಟನ್ನಿನ ಸಂಗೀತ, ನಾಟಕಗಳ ಕೇಂದ್ರವಾದ ಕೆನಡಿ ಸೆಂಟರ್ ಮತ್ತು ವಸ್ತುಸಂಗ್ರಹಾಲಯಗಳ ಸಮೂಹವಾದ ಸ್ಮಿತ್ಸೋನಿಯನ್. ಎರಡನ್ನೂ ಟ್ರಂಪ್ ಗುರಿ ಮಾಡಿದರು. ಒಂದು ಕೆಲವೇ ದಿನಗಳಲ್ಲಿ ಬಿತ್ತು, ಇನ್ನೊಂದು ಎಳೆದಾಡುತ್ತ ಉಳಿಯಿತು. ಕಾರಣ ಆಡಳಿತ ಮಂಡಳಿಯ ರಚನೆಯಲ್ಲಿದೆ. 1971ರಲ್ಲಿ ತೆರೆದ ಕೆನಡಿ ಸೆಂಟರ್‌ನ 36 ಸಾಮಾನ್ಯ ಟ್ರಸ್ಟಿಗಳನ್ನು ನೇಮಿಸುವುದು ದೇಶದ ಅಧ್ಯಕ್ಷರು. ಅವಧಿ ಆರು ವರ್ಷ ಎಂದಿದ್ದರೂ ನಡುವೆ ತೆಗೆಯಬಾರದು ಎಂದು ಬಿಗಿಯಾಗಿ ಕಟ್ಟಿಹಾಕಿರಲಿಲ್ಲ. ಹಿಂದಿನ ಅಧ್ಯಕ್ಷರು ಮರ್ಯಾದೆಗೆ ತೆಗೆದಿರಲಿಲ್ಲ, ಅಷ್ಟೆ. 2025ರ ಫೆಬ್ರುವರಿಯಲ್ಲಿ ಹಳಬರು ಹೋದರು, ಹೊಸಬರು ಬಂದು ಟ್ರಂಪ್ ಅವರನ್ನೇ ಮಂಡಳಿಯ ಅಧ್ಯಕ್ಷರನ್ನಾಗಿ ಆರಿಸಿದರು. ಹನ್ನೊಂದು ವರ್ಷ ನಡೆಸಿದ್ದ ಡೆಬೊರಾ ರಟ್ಟರ್ ಹೊರಗೆ, ಟ್ರಂಪ್ ಆಪ್ತ ರಿಚರ್ಡ್ ಗ್ರೆನೆಲ್ ಒಳಗೆ. ‘ಹ್ಯಾಮಿಲ್ಟನ್’ ಸಂಗೀತ ನಾಟಕದ ತಂಡ 2026ರ ಪ್ರದರ್ಶನಗಳನ್ನು ಹಿಂತೆಗೆದುಕೊಂಡಿತು. ಕೇಂದ್ರಕ್ಕೆ ಒಕ್ಕೂಟ ಸರ್ಕಾರ ಕೊಡುವುದು ಮುಖ್ಯವಾಗಿ ಕಟ್ಟಡದ ನಿರ್ವಹಣೆಗೆ. ಸಂಗೀತ, ನಾಟಕ ನಡೆಯುವುದು ಟಿಕೆಟ್ ಮತ್ತು ದಾನದಿಂದ. ಹಾಗಾಗಿ 2025ರ ಜುಲೈನ ದೊಡ್ಡ ತೆರಿಗೆ ಕಾಯ್ದೆಯಲ್ಲಿ ಕಟ್ಟಡ ದುರಸ್ತಿಗೆ ಸುಮಾರು 25.7 ಕೋಟಿ ಡಾಲರ್ ಸಿಕ್ಕರೂ ಅದರಿಂದ ಒಂದು ಆರ್ಕೆಸ್ಟ್ರಾ ಕಛೇರಿಯ ಖಾಲಿ ಕುರ್ಚಿ ತುಂಬುವುದಿಲ್ಲ. ಕಲೆಗೆ ಹಣ ಕಡಿಮೆ ಮಾಡಿದರು ಎಂಬ ಸರಳ ವಾಕ್ಯ ಇಲ್ಲಿ ಪೂರ್ತಿ ಸೋಲುತ್ತದೆ: ಹಣ ಹೆಚ್ಚಿತು, ಜುಟ್ಟು ಅಧ್ಯಕ್ಷರ ಕೈಗೆ ಹೋಯಿತು.

ಸ್ಮಿತ್ಸೋನಿಯನ್‌ಗೆ ಒಕ್ಕೂಟದಿಂದ ಬರುವ ಪಾಲು ಶೇ 60ಕ್ಕೂ ಹೆಚ್ಚು. ಅಂದರೆ ಹಣದ ಲೆಕ್ಕದಲ್ಲಿ ಅದೇ ಹೆಚ್ಚು ಅವಲಂಬಿ. ಆದರೆ ಅದನ್ನು ಆಳುವ 17 ರೀಜೆಂಟ್‌ಗಳಲ್ಲಿ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ, ದೇಶದ ಉಪಾಧ್ಯಕ್ಷ, ಮೂವರು ಸೆನೆಟರ್‌ಗಳು, ಕೆಳಮನೆಯ ಮೂವರು, ಕಾಂಗ್ರೆಸ್ಸಿನ ನಿರ್ಣಯದಿಂದ ಬರುವ ಒಂಬತ್ತು ನಾಗರಿಕರು ಇರುತ್ತಾರೆ. ಅಧ್ಯಕ್ಷರು ಒಂದು ರಾತ್ರಿಯಲ್ಲಿ ಇವರನ್ನು ಬದಲಿಸಲಾರರು. 2025ರ ಮಾರ್ಚ್ 27ರ ಆದೇಶ ಅಮೆರಿಕದ ಇತಿಹಾಸವನ್ನು ಸಂಸ್ಥೆ ಈಗ ತೋರಿಸುತ್ತಿರುವಂತೆ ತೋರಿಸಬಾರದು ಎಂದು ಉಪಾಧ್ಯಕ್ಷರ ಮೂಲಕ ಒತ್ತಡ ತರಲು ಹೇಳಿತು. ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯ ಕಿಮ್ ಸಜೆಟ್ ಅವರನ್ನು ವಜಾ ಮಾಡಿದ್ದೇನೆ ಎಂದು ಟ್ರಂಪ್ ಘೋಷಿಸಿದಾಗ ನೇಮಕದ ಅಧಿಕಾರ ನಮ್ಮದು ಎಂದು ಸಂಸ್ಥೆ ಉತ್ತರಿಸಿತು. ಕೆಲವು ದಿನಗಳ ಮೇಲೆ ಅವರೇ ರಾಜೀನಾಮೆ ಕೊಟ್ಟರು. ಚಿತ್ರಕಾರ್ತಿ ಏಮಿ ಶೆರಲ್ಡ್ ತಮ್ಮ ಪ್ರದರ್ಶನವನ್ನು ತಾವೇ ಹಿಂತೆಗೆದುಕೊಂಡರು. ಬೇಲಿ ಗಟ್ಟಿಯಿದ್ದರೂ ಒಳಗಿನವರ ಧೈರ್ಯ ಕರಗುವುದನ್ನು ಬೇಲಿ ತಡೆಯುವುದಿಲ್ಲ.

ಇಷ್ಟಾದರೂ ಅಮೆರಿಕದ ಕಲೆಯ ದೊಡ್ಡ ಪೋಷಕ ಈ ಯಾವ ಸಂಸ್ಥೆಯೂ ಅಲ್ಲ, ತೆರಿಗೆ ಕಾಯ್ದೆ. ವಸ್ತುಸಂಗ್ರಹಾಲಯಕ್ಕೋ ಒಪೆರಾಕ್ಕೋ ಕೊಟ್ಟ ದಾನವನ್ನು ದಾನಿ ವರಮಾನದಿಂದ ಕಳೆದುಕೊಳ್ಳುತ್ತಾನೆ. ಖಜಾನೆ ಕಳೆದುಕೊಂಡದ್ದು ಸದ್ದಿಲ್ಲದೆ ಕಲೆಗೆ ಹೋಗುತ್ತದೆ. ಶ್ರೀಮಂತನೊಬ್ಬ ಒಂದು ವರ್ಷಕ್ಕೂ ಮೇಲೆ ತನ್ನಲ್ಲಿದ್ದ ಚಿತ್ರವನ್ನು ಮ್ಯೂಸಿಯಂಗೆ ಕೊಟ್ಟರೆ ಇವತ್ತಿನ ಮಾರುಕಟ್ಟೆ ಬೆಲೆಯಷ್ಟು ಕಡಿತ ಸಿಗುತ್ತದೆ. 5,000 ಡಾಲರ್ ದಾಟಿದರೆ ಅರ್ಹ ಮೌಲ್ಯಮಾಪಕನ ವರದಿ ಬೇಕು, ಮ್ಯೂಸಿಯಂ ಮೂರು ವರ್ಷದೊಳಗೆ ಅದನ್ನು ಮಾರಿದರೆ ಕಡಿತದ ಲಾಭ ವಾಪಸ್ ಹೋಗಬಹುದು. ಅದೇ ಚಿತ್ರವನ್ನು ಬರೆದವನೇ ಕೊಟ್ಟರೆ? 1969ರ ತೆರಿಗೆ ಸುಧಾರಣೆಯಿಂದೀಚೆಗೆ ಅವನಿಗೆ ಸಿಗುವುದು ಬಣ್ಣ, ಕ್ಯಾನ್ವಾಸಿನ ಖರ್ಚಿನಷ್ಟೇ. ಕೊಂಡವನಿಗೆ ಲಕ್ಷ, ಬರೆದವನಿಗೆ ಬಣ್ಣದ ಬೆಲೆ. ಇದನ್ನು ಸರಿಪಡಿಸುವ ಮಸೂದೆಗಳು ಎಷ್ಟೋ ಸಲ ಬಂದು ಬಿದ್ದುಹೋಗಿವೆ.

2026ರಿಂದ ಈ ಲೆಕ್ಕವೂ ಬದಲಾಗಿದೆ. ಕಡಿತಗಳನ್ನು ಪಟ್ಟಿ ಮಾಡಿ ತೋರಿಸುವ ದಾನಿಗೆ ವರಮಾನದ ಶೇ 0.5ರಷ್ಟನ್ನು ದಾಟಿದ ದಾನ ಮಾತ್ರ ಲೆಕ್ಕಕ್ಕೆ: 4,00,000 ಡಾಲರ್ ವರಮಾನದವನ ಮೊದಲ 2,000 ಡಾಲರ್ ದಾನಕ್ಕೆ ಏನೂ ಸಿಗುವುದಿಲ್ಲ. ಶೇ 37ರ ತೆರಿಗೆ ಹಂತದಲ್ಲಿರುವವರಿಗೂ ಲಾಭ ಶೇ 35ಕ್ಕೆ ಸೀಮಿತ. ಕಂಪನಿಗಳಿಗೆ ವರಮಾನದ ಶೇ 1ರ ಹೊಸ್ತಿಲು. ಊರಿನ ಬ್ಯಾಲೆಗೆ ಸಣ್ಣ ಪ್ರಾಯೋಜಕತ್ವ ಕೊಡುತ್ತಿದ್ದ ಕಂಪನಿ ಇನ್ನು ಅದನ್ನು ದಾನವಲ್ಲ, ಜಾಹೀರಾತು ಎಂದು ಬರೆಯಲು ನೋಡುತ್ತದೆ. ಇನ್ನೊಂದು ಕಡೆ ಪಟ್ಟಿ ಮಾಡದ ಬಹುಸಂಖ್ಯಾತರಿಗೆ ಒಬ್ಬರಿಗೆ 1,000, ದಂಪತಿಗೆ 2,000 ಡಾಲರ್‌ವರೆಗಿನ ನಗದು ದಾನಕ್ಕೆ ಹೊಸದಾಗಿ ಕಡಿತ ಸಿಕ್ಕಿದೆ. ಸಣ್ಣ ರೇಡಿಯೊ, ಬಡಾವಣೆಯ ರಂಗಮಂದಿರಗಳಿಗೆ ಇದು ಒಳ್ಳೆಯದು, ದೊಡ್ಡ ಒಪೆರಾಗಳಿಗೆ ಅಷ್ಟಲ್ಲ. ಈ ಬದಲಾವಣೆಯ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ರಾಜ್ಯಗಳ ಮಟ್ಟದಲ್ಲಿ ಬರೆಯುವಾಗ ಇನ್ನೂ ಒಂದು ವ್ಯತ್ಯಾಸ ನೆನಪಿರಲಿ. ದೇಶದ ಅಧ್ಯಕ್ಷರು ಮಸೂದೆಯ ಒಂದು ಸಾಲನ್ನು ಮಾತ್ರ ಹೊಡೆದುಹಾಕಲಾರರು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದಿದೆ. ಬಹುತೇಕ ಗವರ್ನರ್‌ಗಳಿಗೆ ಆ ಅಧಿಕಾರ ಇದೆ. ಫ್ಲೋರಿಡಾದ ರಾನ್ ಡಿಸ್ಯಾಂಟಿಸ್ 2024ರ ಜೂನ್‌ನಲ್ಲಿ ಶಾಸಕರು ಒಪ್ಪಿದ್ದ ಸುಮಾರು 3.2 ಕೋಟಿ ಡಾಲರ್ ಕಲಾ ಅನುದಾನವನ್ನು ಒಂದು ಲೇಖನಿಯಲ್ಲಿ ಅಳಿಸಿದ್ದು ಹೀಗೆ. ಇದನ್ನು ತಪ್ಪಿಸಲು ಕೆಲವು ಕಡೆ ಮತದಾರರೇ ತೆರಿಗೆಯನ್ನು ಕಲೆಗೆ ಗಂಟುಹಾಕಿದ್ದಾರೆ. ಡೆನ್ವರ್ ಸುತ್ತಲಿನ ಏಳು ಕೌಂಟಿಗಳಲ್ಲಿ 1988ರಲ್ಲಿ ಒಪ್ಪಿಗೆ ಪಡೆದ ಮಾರಾಟ ತೆರಿಗೆ ಹತ್ತು ಡಾಲರ್ ಖರೀದಿಗೆ ಒಂದು ಸೆಂಟ್. ಮಿನೆಸೋಟದವರು 2008ರಲ್ಲಿ ರಾಜ್ಯ ಸಂವಿಧಾನವನ್ನೇ ತಿದ್ದಿ ಮಾರಾಟ ತೆರಿಗೆಯನ್ನು ಶೇ 1ರ ಎಂಟನೇ ಮೂರು ಭಾಗದಷ್ಟು ಏರಿಸಿಕೊಂಡರು. ಅದರಲ್ಲಿ ಶೇ 19.75 ಕಲೆ ಮತ್ತು ಸಾಂಸ್ಕೃತಿಕ ಪರಂಪರೆಗೆ, ಉಳಿದದ್ದು ನೀರು, ಕಾಡು, ಉದ್ಯಾನಗಳಿಗೆ. ಗವರ್ನರ್ ಬದಲಾದರೂ ಆ ಪಾಲು ಹೋಗುವುದಿಲ್ಲ. ಅವಧಿ ಮುಗಿಯುವುದು 2034ರಲ್ಲಿ, ಮುಂದುವರಿಯಬೇಕಾದರೆ ಮತ್ತೆ ಮತದಾರರ ಮುಂದೆ ಹೋಗಬೇಕು.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಓದುಗ